ಜುಲೈ ಮಳೆಯಲ್ಲಿ ಶ್ರೀಲಂಕಾಗೆ ಹೋಗಬಹುದಾ? ಮೊದಲ ಸಲ ಹೊರಟಿದ್ದೇವೆ, ಗೊತ್ತಿದ್ದವರು ಹೇಳಿ

ಅಮ್ಮತ್ತಿ ರೋಬಸ್ಟಾ:
ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಮನೆಯವರು, ಪಿಯುಸಿ ಓದುವ ಮಗ, ಅತ್ತೆ ಶ್ರೀಲಂಕಾಗೆ ಹೋಗಬೇಕು ಅಂತಿದ್ದೇವೆ. ನಮ್ಮಲ್ಲಿ ಯಾರೂ ಇದುವರೆಗೆ ದೇಶ ಬಿಟ್ಟು ಹೊರಗೆ ಹೋದವರಲ್ಲ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಅದು ಮುಗಿಯುವಷ್ಟರಲ್ಲಿ ಸ್ಪ್ರಿಂಕ್ಲರ್, ಆಮೇಲೆ ಮಗನ ಪರೀಕ್ಷೆ. ತೋಟದವರಿಗೆ ಕೈ ಖಾಲಿ ಇರುವುದು ಜುಲೈಯಲ್ಲೇ ಅಲ್ವಾ. ಮೈಸೂರಿನ ಒಬ್ಬ ಏಜೆಂಟ್ ಐದು ದಿನದ ಪ್ಯಾಕೇಜ್ ಕೊಟ್ಟಿದ್ದಾರೆ. ಕೊಲಂಬೋ, ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ‘ಎಲ್ಲ’ ಅನ್ನುವ ಬೆಟ್ಟದ ಊರು, ಯಾಲ ಸಫಾರಿ, ಮಿರಿಸ್ಸ ಬೀಚ್, ಗಾಲೆ, ಎಲ್ಲವೂ ಅದರಲ್ಲೇ ಇದೆ. ಇಲ್ಲಿನ ಮಳೆ ತಪ್ಪಿಸಿಕೊಂಡು ಎರಡು ದಿನ ಬೀಚಲ್ಲಿ ಬಿಸಿಲು ಕಾಯಿಸೋಣ ಅಂತ ನನ್ನಾಸೆ. ಅತ್ತೆಗೆ ಮಂಡಿ ನೋವು, ಮತ್ತೆ ಅವರು ಮೀನು ಮಾಂಸ ಬಿಟ್ಟು ವರ್ಷಗಳಾದವು. ಏನೇನು ಗಮನಿಸಬೇಕು ಹೇಳಿ.

ಪೊನ್ನಂಪೇಟೆ ಪ್ಲಾಂಟರ್:
ಅಕ್ಕ, ಆ ಪ್ಯಾಕೇಜನ್ನು ಮೊದಲು ಪಕ್ಕಕ್ಕಿಡಿ. ಮಳೆ ತಪ್ಪಿಸಿಕೊಳ್ಳಲು ಜುಲೈಯಲ್ಲಿ ದಕ್ಷಿಣ ತೀರದ ಮಿರಿಸ್ಸಗೆ ಹೋದರೆ ನಮ್ಮ ಮಳೆಯನ್ನೇ ಹುಡುಕಿಕೊಂಡು ಹೋದ ಹಾಗಾಗುತ್ತದೆ. ನಮಗೆ ಜೂನಿನಲ್ಲಿ ಹಿಡಿಯುವ ಮುಂಗಾರು ಅಲ್ಲಿಗೆ ಮೇ ತಿಂಗಳಲ್ಲೇ ಬರುತ್ತದೆ. ನೈಋತ್ಯದಿಂದ ಬಂದ ಮೋಡ ನಡುವಿನ ಬೆಟ್ಟಗಳಿಗೆ ಬಡಿದು ಕೊಲಂಬೋ, ಗಾಲೆ, ರತ್ನಪುರ ಕಡೆಯೆಲ್ಲ ಸುರಿಯುತ್ತದೆ. ಅದೇ ಗಾಳಿ ಬೆಟ್ಟ ದಾಟಿ ಪೂರ್ವಕ್ಕೆ ಇಳಿಯುವಾಗ ಒಣ ಗಾಳಿ. ಭಾಗಮಂಡಲದಲ್ಲಿ ಸಂಗಮ ಮುಳುಗಿದ ದಿನವೇ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತದಲ್ಲ, ಹಾಗೆ.

ಅದಕ್ಕೇ ಆ ದೇಶಕ್ಕೆ ಹೋಗುವಾಗ ಮೊದಲು ತಿಂಗಳು ನೋಡಬೇಕು, ಊರು ಆಮೇಲೆ. ಮೇ ಇಂದ ಸೆಪ್ಟೆಂಬರ್ ತನಕ ಪೂರ್ವದ ಕರಾವಳಿ, ಅಂದರೆ ಟ್ರಿಂಕೋಮಲಿ, ನಿಲಾವೇಲಿ, ಬಟ್ಟಿಕಲೋವ, ಅರುಗಂ ಬೇ. ಡಿಸೆಂಬರಿನಿಂದ ಏಪ್ರಿಲ್ ಮೊದಲ ವಾರದ ತನಕ ದಕ್ಷಿಣ, ಪಶ್ಚಿಮ. ಆಗ ಈಶಾನ್ಯದ ಮಳೆ ಪೂರ್ವದ ಕಡೆ ಬೀಳುತ್ತಿರುತ್ತದೆ. ಅಕ್ಟೋಬರ್, ನವೆಂಬರ್ ಎರಡೂ ಕಡೆ ನಂಬುವ ಹಾಗಿಲ್ಲ, ಚಂಡಮಾರುತದ ಕಾಲ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದು ಬೆಟ್ಟಗಳೆಲ್ಲ ಕುಸಿದವು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಕುಸಿದದ್ದು ನೋಡಿದ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜುಲೈ ಕೆಟ್ಟ ತಿಂಗಳಲ್ಲ. ಮಗ್ಗುಲು ಬದಲಿಸಿ, ಅಷ್ಟೇ.

ಸಂಪಾಜೆ ಘಾಟಿ:
ಸರಿಯಾಗಿ ಹೇಳಿದ್ರಿ. ಇನ್ನೊಂದು ವಿಷಯ ಮಾರಾಯ್ರೇ, ಮ್ಯಾಪಲ್ಲಿ ಚಿಕ್ಕದಾಗಿ ಕಾಣುತ್ತದೆ ಅಂತ ಎಲ್ಲರೂ ಐದು ದಿನದಲ್ಲಿ ಮುಗಿಸಲು ಹೊರಡುತ್ತಾರೆ. 65,610 ಚದರ ಕಿಲೋಮೀಟರ್ ಅದು, ಕರ್ನಾಟಕದ ಮೂರರಲ್ಲಿ ಒಂದು ಪಾಲು. ಹೆದ್ದಾರಿ ಬಿಟ್ಟರೆ ಉಳಿದದ್ದೆಲ್ಲ ಊರೊಳಗಿನ ರಸ್ತೆ, ಎದುರಿಗೆ ಬಸ್ಸು, ಆಟೋ, ಸೈಕಲ್ಲು. ಕೊಲಂಬೋದಿಂದ ಕ್ಯಾಂಡಿಗೆ ನೂರಾ ಹದಿನೈದು ಕಿಲೋಮೀಟರ್, ಅದಕ್ಕೇ ಮೂರು ಗಂಟೆ ಮೇಲೆ ಬೇಕು. ಕ್ಯಾಂಡಿಯಿಂದ ನುವರ ಎಲಿಯ ಎಂಬತ್ತು ಕಿಲೋಮೀಟರ್ ಕೂಡ ಇಲ್ಲ, ಆದರೆ ತಿರುವು ಎಣಿಸುತ್ತಾ ಹೋಗಬೇಕು. ನಿಮ್ಮ ಏಜೆಂಟ್ ಕೊಟ್ಟ ಪಟ್ಟಿಯಲ್ಲಿ ಐದು ದಿನವೂ ಕಾರಲ್ಲೇ ಕೂತಿರುತ್ತೀರಿ. ಮಂಡಿ ನೋವಿನ ಅತ್ತೆಯವರಿಗೆ ಅದು ಶಿಕ್ಷೆ.

ಡ್ರೈವರ್ ಸಮೇತ ಕಾರು ತೆಗೆದುಕೊಳ್ಳಿ, ಅಲ್ಲಿ ಅದೇ ರೂಢಿ. ದಿನಕ್ಕೆ ಇಷ್ಟು, ಇಷ್ಟು ಕಿಲೋಮೀಟರ್ ಒಳಗೆ, ಪೆಟ್ರೋಲ್ ಸೇರಿ, ಟೋಲ್ ಸೇರಿ, ಡ್ರೈವರ್ ಊಟ ವಸತಿ ಯಾರದು, ಎಲ್ಲವನ್ನೂ ವಾಟ್ಸಾಪಲ್ಲಿ ಬರೆಸಿಕೊಳ್ಳಿ. ಸುಮಾರು ಹೋಟೆಲುಗಳಲ್ಲಿ ಡ್ರೈವರಿಗೆ ಬೇರೆ ಕೋಣೆ ಇರುತ್ತದೆ. ನೀವೇ ಓಡಿಸುವ ಆಸೆ ಇದ್ದರೆ ನಮ್ಮ ಲೈಸೆನ್ಸ್ ಒಂದೇ ಸಾಲದು, ಅಲ್ಲಿನ ಪರವಾನಗಿಯೂ ಬೇಕು. ಊರೊಳಗೆ ಓಡಾಡಲು ಪಿಕ್‌ಮಿ ಆಪ್ ಹಾಕಿಕೊಳ್ಳಿ, ಆಟೋ ದರ ಮೊದಲೇ ಗೊತ್ತಾಗುತ್ತದೆ.

ಅಮ್ಮತ್ತಿ ರೋಬಸ್ಟಾ:
ಅಯ್ಯೋ, ಏಜೆಂಟ್ ಮಳೆ ವಿಷಯ ಎತ್ತಲೇ ಇಲ್ಲ! ಒಂದು ವಾರ ಮಾಡಿಕೊಳ್ಳಬಹುದು, ಮಗನ ಕಾಲೇಜಿಗೆ ಹೇಗೂ ಆಗ ಮಳೆ ರಜೆ ಬರುತ್ತಲೇ ಇರುತ್ತದೆ. ಹಾಗಾದರೆ ಯಾವ ದಾರಿ ಹಿಡಿಯಬೇಕು? ಅತ್ತೆಗೆ ಒಂದೆರಡು ದೇವಸ್ಥಾನ ಬೇಕು, ಮಗನಿಗೆ ಸಮುದ್ರ ಬೇಕು. ನಮ್ಮ ಮನೆಯವರಿಗೆ ಆನೆ ಬೇಡವೇ ಬೇಡವಂತೆ, ತೋಟದಲ್ಲಿ ಕಂಡದ್ದೇ ಸಾಕಂತೆ.

ಶನಿವಾರಸಂತೆ ಟೀಚರ್:
ಆನೆ ಬೇಡ ಅಂದದ್ದು ಓದಿ ನಗು ಬಂತು. ದುಡ್ಡು ಕೊಟ್ಟು ಜೀಪಲ್ಲಿ ಕೂತು ಆನೆ ನೋಡುವ ಕರ್ಮ ನಮಗ್ಯಾಕೆ ನಿಜಕ್ಕೂ.

ನನ್ನ ಲೆಕ್ಕ ಹೀಗೆ. ವಿಮಾನ ಇಳಿಯುವುದು ಕಟುನಾಯಕದಲ್ಲಿ, ಅದು ಕೊಲಂಬೋ ಊರಿಗಿಂತ ನೆಗೊಂಬೊಗೆ ಹತ್ತಿರ. ಇಳಿದ ದಿನ ಕೊಲಂಬೋಗೆ ಹೋಗಲೇಬೇಡಿ, ನೆಗೊಂಬೊದಲ್ಲಿ ಮಲಗಿ. ಮಾರನೇ ದಿನ ಸಿಗಿರಿಯ ಕಡೆ, ನಾಲ್ಕು ಗಂಟೆ ದಾರಿ. ಅಲ್ಲಿ ಎರಡು ರಾತ್ರಿ. ಅಲ್ಲಿಂದ ಟ್ರಿಂಕೋಮಲಿ ಎರಡು ಗಂಟೆ, ಅಲ್ಲೂ ಎರಡು ರಾತ್ರಿ. ಆಮೇಲೆ ಕ್ಯಾಂಡಿ, ಅಲ್ಲಿಂದ ಏರ್‌ಪೋರ್ಟ್. ಇದು ಆರಾಮದ ಸುತ್ತು.

ಸಿಗಿರಿಯ ಬಂಡೆಗೆ ಸಾವಿರದ ಇನ್ನೂರರಷ್ಟು ಮೆಟ್ಟಿಲು. ಅತ್ತೆಯವರನ್ನು ಹತ್ತಿಸುವ ಮಾತೇ ಬೇಡ. ನಡುವೆ ಕಬ್ಬಿಣದ ಮೆಟ್ಟಿಲು ಬಂಡೆಗೆ ಅಂಟಿಕೊಂಡಂತೆ ಇದೆ, ಹಿಂದೆ ಜನ, ಮುಂದೆ ಜನ, ತಿರುಗಿ ಇಳಿಯುವುದೂ ಕಷ್ಟ. ಮಗ, ಅಪ್ಪ ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಲಿ, ಒಂಬತ್ತರ ಮೇಲೆ ಆ ಬಂಡೆ ಕಾದ ಕಾವಲಿ. ಜೇನು ಕಣಜದ ಬೋರ್ಡ್ ಹಾಕಿರುತ್ತಾರೆ, ಅಲ್ಲಿ ಗಲಾಟೆ ಮಾಡಬಾರದು, ಹುಡುಗನಿಗೆ ಹೇಳಿಡಿ. ನೀವು ಅತ್ತೆ ಜೊತೆ ಪೊಲೊನ್ನರುವಕ್ಕೆ ಹೋಗಿ. ಹಳೇ ರಾಜಧಾನಿ, ನೆಲ ಸಮತಟ್ಟು, ಒಂದೊಂದು ಗುಡಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಗಲ್ ವಿಹಾರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬುದ್ಧನ ಮೂರ್ತಿಗಳಿವೆ. ಮಲಗಿದ ಮೂರ್ತಿಯ ತಲೆ ಕೆಳಗಿನ ದಿಂಬನ್ನು ಹತ್ತಿರ ನಿಂತು ನೋಡಿ. ತಲೆಯ ಭಾರಕ್ಕೆ ದಿಂಬು ತಗ್ಗಿದ್ದನ್ನೂ ಕಲ್ಲಲ್ಲೇ ತೋರಿಸಿದ್ದಾರೆ. ಚೋಳರು ಆಳಿದ ಊರು ಅದು, ಹಳೇ ಶಿವ ದೇವಾಲಯವೂ ಇದೆ.

ಟ್ರಿಂಕೋಮಲಿಯಲ್ಲಿ ಕೋಣೇಶ್ವರ ದೇವಸ್ಥಾನ. ಸಮುದ್ರದ ಮೇಲೆ ಎದ್ದು ನಿಂತ ಬಂಡೆಯ ತುದಿಯಲ್ಲಿದೆ. ಫೋರ್ಟ್ ಫ್ರೆಡ್ರಿಕ್ ಒಳಗಿಂದ ದಾರಿ, ಜಿಂಕೆಗಳು ರಸ್ತೆಯಲ್ಲೇ ಅಡ್ಡಾಡುತ್ತವೆ, ಚೀಲಕ್ಕೆ ಬಾಯಿ ಹಾಕುತ್ತವೆ. ಆಟೋ ಹತ್ತಿರದವರೆಗೆ ಹೋಗುತ್ತದೆ.

ಎಲ್ಲ ಕಡೆ ಟಿಕೆಟ್ ಕೊಳ್ಳುವಾಗ ಪಾಸ್‌ಪೋರ್ಟ್ ಕೈಯಲ್ಲಿರಲಿ. ವಿದೇಶಿಯರ ದರ ಡಾಲರಿನಲ್ಲಿ, ತುಂಬಾ ಜಾಸ್ತಿ. ಸಾರ್ಕ್ ದೇಶದವರಿಗೆ, ಅಂದರೆ ನಮ್ಮನ್ನೂ ಸೇರಿಸಿ ನೆರೆಹೊರೆಯ ದೇಶದವರಿಗೆ, ಕೆಲವು ಕಡೆ ಕಡಿಮೆ ದರ ಇದೆ, ಆದರೆ ಕೇಳಿದವರಿಗೆ ಮಾತ್ರ.

ಮಡಿಕೇರಿ ಮಬ್ಬು:
ಬೆಟ್ಟದ ಕಡೆ ಬಿಟ್ಟದ್ದು ಒಳ್ಳೇದಾಯ್ತು. ನುವರ ಎಲಿಯಕ್ಕೆ ಹೋದರೆ ಮಬ್ಬು, ಜಿಟಿಜಿಟಿ ಮಳೆ, ಸ್ವೆಟರ್, ಬ್ರಿಟಿಷರ ಬಂಗಲೆ. ರಾಜಾಸೀಟ್ ಪಕ್ಕದ ಮನೆಯವನಾದ ನನಗೆ ಅದಕ್ಕೆ ವೀಸಾ ಬೇಕಾ?

ಪೊನ್ನಂಪೇಟೆ ಪ್ಲಾಂಟರ್:
ಮಬ್ಬು ಅವರೇ, ನಾನು ಒಪ್ಪಲ್ಲ. ಕಾಫಿ ಬೆಳೆಯುವವರು ಆ ಬೆಟ್ಟ ನೋಡಲೇಬೇಕು. ಇಡೀ ನಾಡು ಒಂದು ಕಾಲದಲ್ಲಿ ಕಾಫಿ ತೋಟವೇ. 1869ರಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡಿತು. ನಾವು ಗಿಡಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಯಾವುದಕ್ಕೆ, ಅದೇ ರೋಗ. ಮುಂದಿನ ವರ್ಷಗಳಲ್ಲಿ ಗಿಡಗಳೆಲ್ಲ ಹೋದವು, ತೋಟದವರು ಕಾಫಿ ಕಿತ್ತು ಟೀ ಹಾಕಿದರು. ಅದಕ್ಕೆ ಎರಡು ವರ್ಷ ಮುಂಚೆ, 1867ರಲ್ಲಿ, ಕ್ಯಾಂಡಿ ಹತ್ತಿರದ ಲೂಲ್‌ಕಂದುರದಲ್ಲಿ ಜೇಮ್ಸ್ ಟೇಲರ್ ಎಂಬವನು ಟೀ ಗಿಡ ಹಾಕಿದ್ದ. ಒಂದು ರೋಗ ಒಂದು ದೇಶದ ಬೆಳೆಯನ್ನೇ ಬದಲಿಸಿದ ಜಾಗ ಅದು. ಟೀ ಫ್ಯಾಕ್ಟರಿಯೊಳಗೆ ಒಂದು ಸುತ್ತು ಹಾಕಿ, ಎಲೆ ಬಾಡಿಸುವ ಅಟ್ಟದಿಂದ ಹಿಡಿದು ಜರಡಿಯವರೆಗೆ ತೋರಿಸುತ್ತಾರೆ.

ಇನ್ನೊಂದು, ಜುಲೈಯಲ್ಲಿ ಬೆಟ್ಟವೆಲ್ಲ ಒದ್ದೆ ಅಂತ ತಿಳಿಯಬೇಡಿ. ನುವರ ಎಲಿಯ ಒದ್ದೆ. ಪಟ್ಟಿಪೊಲ ದಾಟಿ, ಸುರಂಗ ಹೊಕ್ಕು ಆಚೆ ಬಂದರೆ ಹವೆಯೇ ಬೇರೆ. ಹಪುತಲೆ, ‘ಎಲ್ಲ’, ಬದುಳ್ಳ ಕಡೆ, ಊವ ಸೀಮೆ ಅದು, ಜುಲೈಯಿಂದ ಸೆಪ್ಟೆಂಬರ್ ಒಣ ಗಾಳಿ ಬೀಸುವಾಗಲೇ ಅವರ ಒಳ್ಳೇ ಟೀ ಬರುವುದು. ದಿನ ಇದ್ದರೆ ‘ಎಲ್ಲ’ಕ್ಕೆ ಹೋಗಿ ಒಂದೆರಡು ರಾತ್ರಿ ಇರಿ.

ಶನಿವಾರಸಂತೆ ಟೀಚರ್:
ಒಂದೇ ವಾರದಲ್ಲಿ ಟ್ರಿಂಕೋಮಲಿ, ‘ಎಲ್ಲ’ ಎರಡನ್ನೂ ಸೇರಿಸಲು ಹೋದರೆ ಮತ್ತೆ ಏಜೆಂಟ್ ಪಟ್ಟಿಯೇ ಆಗುತ್ತದೆ ಸಾರ್. ಅತ್ತೆಯವರ ಮಂಡಿ ನೆನಪಿರಲಿ.

ರೈಲಿನ ಆಸೆ ಇದ್ದವರಿಗೆ ಒಂದು ಮಾತು. ಕ್ಯಾಂಡಿಯಿಂದ ‘ಎಲ್ಲ’ಕ್ಕೆ ಆರೇಳು ಗಂಟೆ, ರಿಸರ್ವೇಶನ್ ಒಂದು ತಿಂಗಳು ಮುಂಚೆ ತೆರೆಯುತ್ತದೆ, ಬೇಗ ಖಾಲಿ. ದಿತ್ವಾದಲ್ಲಿ ಆ ಹಳಿಗೆ ಹಾನಿಯಾಗಿತ್ತು, ಯಾವ ಊರಿಂದ ಯಾವ ಊರಿಗೆ ಓಡುತ್ತಿದೆ ಅಂತ ಕೇಳಿಕೊಂಡೇ ಹೋಟೆಲ್ ಬುಕ್ ಮಾಡಿ. ಬಾಗಿಲಲ್ಲಿ ನೇತಾಡಿಕೊಂಡು ಫೋಟೋ ತೆಗೆಸಿಕೊಳ್ಳುವ ಹುಚ್ಚಿಗೆ ಅಲ್ಲಿ ಜನ ಬಿದ್ದು ಸತ್ತಿದ್ದಾರೆ. ಪಿಯುಸಿ ಹುಡುಗ ಅಂದಿರಿ, ಅದಕ್ಕೆ ಹೇಳಿದೆ.

ಕುಶಾಲನಗರ ತಿರುಗಾಟ:
ನಾನು ಕಾಗದಪತ್ರ, ದುಡ್ಡಿನ ವಿಷಯ ಹೇಳುತ್ತೇನೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು. ಹೊರಡುವ ಮುಂಚೆ ಇಟಿಎ, ಅಂದರೆ ಆನ್‌ಲೈನಲ್ಲಿ ಸಿಗುವ ಪ್ರವೇಶದ ಅನುಮತಿ, ತೆಗೆದುಕೊಳ್ಳಬೇಕು. ಭಾರತದವರಿಗೆ ಶುಲ್ಕ ಇದೆಯಾ ಇಲ್ಲವಾ ಎನ್ನುವುದು ಈಚೆಗೆ ಹಲವು ಸಲ ಬದಲಾಗಿದೆ, ಆದ್ದರಿಂದ ಯೂಟ್ಯೂಬಲ್ಲಿ ಯಾರೋ ಹೇಳಿದ್ದನ್ನು ನಂಬದೆ ಸರ್ಕಾರದ ಸೈಟಲ್ಲೇ ನೋಡಿ. ಹುಡುಕಿದಾಗ ಮೇಲೆ ಮೇಲೆ ಬರುವ ಸೈಟುಗಳಲ್ಲಿ ಸುಮಾರು ದಲ್ಲಾಳಿಗಳದ್ದು, ನೋಡಲು ಸರ್ಕಾರಿ ಸೈಟಿನ ಹಾಗೇ ಇರುತ್ತವೆ, ದುಡ್ಡು ಮಾತ್ರ ಜಾಸ್ತಿ.

ಎಲ್ಲವನ್ನೂ ಜೂನಿನಲ್ಲೇ ಪ್ರಿಂಟ್ ಹಾಕಿಸಿ ಪ್ಲಾಸ್ಟಿಕ್ ಕವರಲ್ಲಿಡಿ. ಜುಲೈಯಲ್ಲಿ ಅಮ್ಮತ್ತಿ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹೊರಡುವ ಹಿಂದಿನ ರಾತ್ರಿ ಟಿಕೆಟ್ ಡೌನ್‌ಲೋಡ್ ಮಾಡುತ್ತೇನೆ ಅಂದರೆ ಆಗಲ್ಲ.

ನಮ್ಮ ಒಂದು ರೂಪಾಯಿಗೆ ಅಲ್ಲಿ ಸುಮಾರು ಮೂರೂವರೆ ರೂಪಾಯಿ. ಅವರದ್ದೂ ರೂಪಾಯಿಯೇ ಆದ್ದರಿಂದ ಆಟೋದವನು ಸಾವಿರ ಅಂದಾಗ ಎದೆ ಧಸಕ್ ಅನ್ನುತ್ತದೆ, ಆಮೇಲೆ ಭಾಗಿಸಿ ನೋಡಿ ಸಮಾಧಾನ. ಕೆಲವರು "ಇಂಡಿಯನ್ ರುಪೀಸ್" ಅಂತ ಜಾಣತನ ಮಾಡುತ್ತಾರೆ, ಯಾವ ರೂಪಾಯಿ ಅಂತ ಮೊದಲೇ ಬಾಯಿಬಿಟ್ಟು ಕೇಳಿ. ಡಾಲರ್ ಒಯ್ದು ಏರ್‌ಪೋರ್ಟಿನ ಬ್ಯಾಂಕ್ ಕೌಂಟರಲ್ಲಿ ಬದಲಿಸಿ, ರಸೀದಿ ಇಟ್ಟುಕೊಳ್ಳಿ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲೂ ನಡೆಯುತ್ತದೆ, ದೊಡ್ಡ ಅಂಗಡಿಗಳಲ್ಲಿ ಲಂಕಾ ಕ್ಯೂಆರ್ ಸ್ಕ್ಯಾನ್ ಮಾಡಬಹುದು. ಆಪಲ್ಲಿ ವಿದೇಶಿ ಪಾವತಿ ಆನ್ ಮಾಡಿಕೊಂಡು ಹೋಗಬೇಕು. ಹಳ್ಳಿ ಕಡೆ, ದೇವಸ್ಥಾನ, ಆಟೋ, ಎಳನೀರು, ಇದಕ್ಕೆಲ್ಲ ನೋಟೇ ಬೇಕು.

ಸಿಮ್ ಏರ್‌ಪೋರ್ಟಲ್ಲೇ ಸಿಗುತ್ತದೆ, ಡೈಲಾಗ್ ಅಥವಾ ಮೊಬಿಟೆಲ್. ಗಡಿಯಾರ ತಿರುಗಿಸುವ ಕೆಲಸ ಇಲ್ಲ, ನಮ್ಮ ಸಮಯವೇ. ಪ್ಲಗ್ ಮಾತ್ರ ಚೌಕ ಪಿನ್ನಿನದ್ದು ಜಾಸ್ತಿ, ಒಂದು ಅಡಾಪ್ಟರ್ ಇರಲಿ. ಆಂಬುಲೆನ್ಸಿಗೆ 1990, ಪೊಲೀಸಿಗೆ 119. ಅತ್ತೆಯವರ ವಯಸ್ಸಿಗೆ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸದೆ ಹೊರಡಬೇಡಿ, ಮಾತ್ರೆಗಳ ಜೊತೆ ಡಾಕ್ಟರ್ ಚೀಟಿ ಇರಲಿ. ಮಲೇರಿಯಾ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ, ಆದರೆ ಡೆಂಗಿ ಇದೆ, ಹಗಲಲ್ಲೂ ಸೊಳ್ಳೆ ಕ್ರೀಮ್ ಹಚ್ಚಿ.

ನಾಪೋಕ್ಲು ಅಡುಗೆಮನೆ:
ಊಟದ ವಿಷಯ ಯಾರೂ ಎತ್ತಲಿಲ್ಲವಲ್ಲ! ನಮ್ಮ ಬಾಯಿಗೆ ಅಷ್ಟು ಹೊಂದುವ ಊಟ ಬೇರೆ ದೇಶದಲ್ಲಿ ಸಿಗಲಿಕ್ಕಿಲ್ಲ. ಬೆಳಿಗ್ಗೆ ಇಡಿಯಪ್ಪ ಕೊಡುತ್ತಾರೆ, ಅಂದರೆ ಒತ್ತು ಶಾವಿಗೆ, ನಮ್ಮ ನೂಪುಟ್ಟೇ, ಅಂಗೈಯಗಲ ಚಿಕ್ಕದು. ಸಂಜೆ ಮೇಲೆ ಆಪ್ಪ ಹುಯ್ಯುವ ಅಂಗಡಿ ಹುಡುಕಿ. ಪುಟ್ಟ ಬಾಣಲಿಗೆ ಹಿಟ್ಟು ಹುಯ್ದು ಕೈಯಲ್ಲೇ ತಿರುಗಿಸುತ್ತಾರೆ, ಅಂಚು ಗರಿಗರಿ, ನಡುವೆ ಮೆತ್ತಗೆ, ಬೇಕಾದರೆ ಮೊಟ್ಟೆ ಒಡೆದು ಹಾಕುತ್ತಾರೆ. ಐದಾರು ಬಾಣಲಿ ಒಂದೇ ಸಾಲಲ್ಲಿ ಉರಿಯುತ್ತಿರುತ್ತವೆ, ಮೊದಲನೇದು ತೆಗೆಯುವಷ್ಟರಲ್ಲಿ ಕೊನೇದಕ್ಕೆ ಹಿಟ್ಟು ಬಿದ್ದಿರುತ್ತದೆ. ಮಧ್ಯಾಹ್ನ ಅನ್ನದ ಜೊತೆ ನಾಲ್ಕೈದು ಪಲ್ಯ, ಎಳೆ ಹಲಸಿನದ್ದು ಇದ್ದರೆ ಬಿಡಬೇಡಿ. ಹಂದಿ ಕರಿ ತಿನ್ನುವವರಿಗೆ ಅಲ್ಲೂ ಕಪ್ಪು ಹಂದಿ ಕರಿ ಇದೆ, ಕರಿಮೆಣಸು ಹುರಿದು ಹಾಕಿ, ಹುಳಿಗೆ ಗೊರಕ ಹಾಕುತ್ತಾರೆ. ನಮ್ಮ ಕಾಚಂಪುಳಿ ಮಾಡುವ ಹಣ್ಣೇ ಅದು, ಅವರು ಒಣಗಿಸಿ ಬಳಸುತ್ತಾರೆ. ಆದರೂ ನಮ್ಮದರ ಗತ್ತು ಬರಲಿಲ್ಲ ಅನ್ನಿಸಿತು, ಪಕ್ಷಪಾತ ಇರಬಹುದು.

ಈಗ ಅತ್ತೆಯವರ ವಿಷಯ, ಇದನ್ನು ಗಮನಿಸಿ ಓದಿ. ತೆಂಗಿನಕಾಯಿ ಚಟ್ನಿಯ ಹಾಗೆ ಕೆಂಪಗೆ ಪೊಲ್ ಸಂಬೋಲ್ ಅಂತ ಎಲ್ಲದರ ಜೊತೆ ಬಡಿಸುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಒಣ ಮೀನಿನ ಚೂರು ಕುಟ್ಟಿ ಹಾಕಿರುತ್ತಾರೆ. ಉಂಬಲಕಡ ಅಂತಾರೆ, ಟ್ಯೂನಾ ಜಾತಿ ಮೀನು, ಕಲ್ಲಿನಷ್ಟು ಗಟ್ಟಿ. ಬೇಳೆ, ಸೊಪ್ಪಿನ ಪಲ್ಯದಲ್ಲೂ ಒಮ್ಮೊಮ್ಮೆ ಇರುತ್ತದೆ. "ವೆಜ್" ಅಂದರೆ ಸಾಲದು, "ಉಂಬಲಕಡ ಬೇಡ" ಅಂತ ಹೆಸರು ಹಿಡಿದು ಹೇಳಿ. ಟ್ರಿಂಕೋಮಲಿಯಲ್ಲಿ ತಮಿಳರ ಸಸ್ಯಾಹಾರಿ ಹೋಟೆಲುಗಳಿವೆ, ಅಲ್ಲಿ ದೋಸೆ, ವಡೆ, ತೊಂದರೆ ಇಲ್ಲ. ಕಡೆಗೆ ಮಡಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಹುಯ್ದು ಕೊಡುತ್ತಾರೆ. ಅತ್ತೆಯವರಿಗೆ ಎರಡು ಸಲ ಹಾಕಿಸಿ.

ಸಂಪಾಜೆ ಘಾಟಿ:
ತಮಿಳು ಅಂದದ್ದಕ್ಕೆ ನೆನಪಾಯ್ತು. ನಮ್ಮ ಘಾಟಿ ಇಳಿದರೆ ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲಿ ಕೆಲಸ ಮಾಡುವ ತಮಿಳು ಕುಟುಂಬಗಳು ಎರಡು ದೇಶಗಳ ನಡುವಿನ 1964ರ ಒಪ್ಪಂದದ ಮೇಲೆ ಸಿಲೋನಿನಿಂದ ಬಂದವರು. ಅವರ ಹಿರಿಯರು ದುಡಿದದ್ದು ಅದೇ ಟೀ ಬೆಟ್ಟಗಳಲ್ಲಿ. ನಿಮಗೆ ಹರಕು ಮುರುಕು ತಮಿಳು ಬಂದರೂ ಪೂರ್ವದ ಕಡೆ, ಟೀ ಸೀಮೆ ಕಡೆ ಕೆಲಸ ಆಗುತ್ತದೆ. ಉಳಿದ ಕಡೆ ಸಿಂಹಳ, ಇಂಗ್ಲಿಷ್ ನಡೆಯುತ್ತದೆ. ಆದರೆ ಯುದ್ಧದ ಮಾತು, ಜಾತಿ ಮತದ ಮಾತು ನೀವಾಗಿ ಎತ್ತಬೇಡಿ. 2009ರ ತನಕ ನಡೆದ ಯುದ್ಧ ಅದು, ಪ್ರತಿ ಮನೆಯಲ್ಲೂ ನೋವಿದೆ.

ಮಡಿಕೇರಿ ಮಬ್ಬು:
ಮುಖ್ಯವಾದದ್ದನ್ನೇ ಯಾರೂ ಹೇಳಲಿಲ್ಲ. ಹುಣ್ಣಿಮೆ ದಿನ ಪೋಯ, ಪ್ರತಿ ತಿಂಗಳೂ ಸರ್ಕಾರಿ ರಜೆ, ಅವತ್ತು ಮದ್ಯ ಮಾರುವ ಹಾಗಿಲ್ಲ. ಬಾರು, ಅಂಗಡಿ ಎಲ್ಲ ಬಂದ್. ಮನೆಯವರಿಗೆ ಕ್ಯಾಲೆಂಡರ್ ತೋರಿಸಿಯೇ ಟಿಕೆಟ್ ತೆಗೆಯಿರಿ ಅಕ್ಕ. ಕೊಡವ ಮನೆಯ ಗಂಡಸನ್ನು ಹುಣ್ಣಿಮೆ ದಿನ ಬೀಚಲ್ಲಿ ಒಣಗಿಸುವುದು ಪಾಪದ ಕೆಲಸ.

ಅಮ್ಮತ್ತಿ ರೋಬಸ್ಟಾ:
ಮಬ್ಬು ಅಣ್ಣ, ಇದನ್ನು ನಮ್ಮ ಮನೆಯವರಿಗೆ ಆಗಲೇ ಓದಿ ಹೇಳಿದೆ, ಕ್ಯಾಲೆಂಡರ್ ತೆಗೆದುಕೊಂಡು ಕೂತಿದ್ದಾರೆ. ಸಮುದ್ರದ ಬಗ್ಗೆ ಯಾರಾದರೂ ಹೇಳಿ. ಮಗ ಕಾವೇರಿ ಹೊಳೆಯಲ್ಲಿ ಈಜು ಕಲಿತವನು, ಅದೇ ಧೈರ್ಯ ಅವನಿಗೆ.

ಕುಶಾಲನಗರ ತಿರುಗಾಟ:
ಹೊಳೆಯ ಈಜು ಸಮುದ್ರಕ್ಕೆ ಸಾಲದು, ಇದನ್ನು ಅವನಿಗೆ ಎದುರು ಕೂರಿಸಿ ಹೇಳಿ. ದಡದಿಂದ ಒಳಕ್ಕೆ ಎಳೆಯುವ ಸೆಳೆತ ಇರುತ್ತದೆ. ಅದು ಕಾಣುವುದು ಅಲೆ ಒಡೆಯದೆ ಸುಮ್ನೆ ಶಾಂತವಾಗಿರುವ ಪಟ್ಟಿಯ ಹಾಗೆ, ಅದಕ್ಕೇ ಹೊಸಬರು ಅಲ್ಲೇ ಇಳಿಯುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬಾರದು, ದಡಕ್ಕೆ ಸಮವಾಗಿ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಗೆ ಬರಬೇಕು, ಆಮೇಲೆ ದಡ. ಆಗದಿದ್ದರೆ ಅಂಗಾತ ತೇಲಿ ಕೈ ಎತ್ತಬೇಕು. ಕೆಂಪು ಬಾವುಟ ಇದ್ದರೆ ಮೊಣಕಾಲು ನೀರಿಗೂ ಬೇಡ.

ಜುಲೈಯಲ್ಲಿ ದಕ್ಷಿಣದ ಸಮುದ್ರ ರೊಚ್ಚಿಗೆದ್ದಿರುತ್ತದೆ, ನಿಲಾವೇಲಿ ಕಡೆ ಶಾಂತ. ಅಲ್ಲಿಂದ ದೋಣಿಯಲ್ಲಿ ಪಿಜನ್ ಐಲ್ಯಾಂಡ್‌ಗೆ ಕರೆದುಕೊಂಡು ಹೋಗಿ, ನ್ಯಾಷನಲ್ ಪಾರ್ಕ್ ಅದು, ಟಿಕೆಟ್ ಬೇರೆ. ಕನ್ನಡಕ, ಕೊಳವೆ ಹಾಕಿ ತಲೆ ಮುಳುಗಿಸಿದರೆ ಹವಳದ ನಡುವೆ ಬಣ್ಣಬಣ್ಣದ ಮೀನು, ಅದೃಷ್ಟವಿದ್ದರೆ ರೆಕ್ಕೆ ತುದಿ ಕಪ್ಪಗಿರುವ ಸಣ್ಣ ಶಾರ್ಕ್. ಅವು ಮನುಷ್ಯರನ್ನು ಕಂಡರೆ ತಾವೇ ದೂರ ಹೋಗುತ್ತವೆ. ಹವಳದ ಮೇಲೆ ಕಾಲಿಡಬಾರದು, ಅದು ಜೀವ ಇರುವುದು, ತುಳಿದರೆ ಸಾಯುತ್ತದೆ, ಕಾಲೂ ಕುಯ್ಯುತ್ತದೆ. ದೋಣಿಯವರ ಹತ್ತಿರ ಲೈಫ್ ಜಾಕೆಟ್ ಕೇಳಿ ಹಾಕಿಸಿ. ಬೆಳಿಗ್ಗೆ ಮೊದಲ ದೋಣಿಗೇ ಹೋಗಿ, ಆಮೇಲೆ ಜಾತ್ರೆ.

ಶನಿವಾರಸಂತೆ ಟೀಚರ್:
ಬಟ್ಟೆ ಬಗ್ಗೆ. ಬೌದ್ಧ ದೇವಾಲಯಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು, ಚಪ್ಪಲಿ ಟೋಪಿ ಹೊರಗೆ. ಬಿಸಿಲಿಗೆ ಕಲ್ಲು ಸುಡುತ್ತದೆ, ಒಂದು ಜೊತೆ ಹಳೇ ಸಾಕ್ಸ್ ಚೀಲದಲ್ಲಿರಲಿ, ಅತ್ತೆಯವರಿಗೆ ಮುಖ್ಯವಾಗಿ. ಬುದ್ಧನ ಮೂರ್ತಿಗೆ ಬೆನ್ನು ತೋರಿಸಿ ಸೆಲ್ಫಿ ತೆಗೆಯಬಾರದು. ಕ್ಯಾಂಡಿಯಲ್ಲಿ ಬುದ್ಧನ ಹಲ್ಲನ್ನು ಇಟ್ಟಿರುವ ದಂತ ದೇವಾಲಯದಲ್ಲಿ ಪೂಜೆಯ ಹೊತ್ತಿಗೆ ಡೋಲು ಬಾರಿಸುತ್ತಾರೆ, ತುಂಬಾ ನೂಕುನುಗ್ಗಲು, ಮಂಡಿ ನೋವಿನವರಿಗೆ ಪೂಜೆಯಿಲ್ಲದ ಹೊತ್ತೇ ವಾಸಿ. ಜುಲೈ ಆಗಸ್ಟಿನಲ್ಲಿ ಚಂದ್ರಮಾನದ ಲೆಕ್ಕದಲ್ಲಿ ಎಸಲ ಪೆರಹೆರ ಬರುತ್ತದೆ, ದೊಡ್ಡ ಮೆರವಣಿಗೆ. ನಿಮ್ಮ ದಿನಗಳು ಅದಕ್ಕೆ ತಾಗಿದರೆ ಕ್ಯಾಂಡಿಯ ರೂಮು ಈಗಲೇ ಹಿಡಿಯಿರಿ, ಆಮೇಲೆ ಬೆಲೆ ಕೇಳುವ ಹಾಗಿರಲ್ಲ.

ಪೊನ್ನಂಪೇಟೆ ಪ್ಲಾಂಟರ್:
ಕೊನೆಗೆ ತೋಟದವರಿಗೆ ಮಾತ್ರ. ಅಲ್ಲಿನ ಮೆಣಸಿನ ಬಳ್ಳಿ, ದಾಲ್ಚಿನ್ನಿ ಸಸಿ ನೋಡಿದರೆ ಕೈ ಸುಮ್ಮನಿರಲ್ಲ, ನನಗೆ ಗೊತ್ತು. ಒಂದು ಕಡ್ಡಿ ಕೂಡ ಚೀಲಕ್ಕೆ ಹಾಕಬೇಡಿ. ಪರ್ಮಿಟ್ ಇಲ್ಲದೆ ಗಿಡ, ಬೀಜ, ಮಣ್ಣು ತರುವುದು ಕಾನೂನಿಗೆ ವಿರುದ್ಧ, ಮತ್ತೆ ರೋಗ ಹೇಗೆ ಊರೂರು ದಾಟುತ್ತದೆ ಅಂತ ಮೇಲೆ ಬರೆದಿದ್ದೇನೆ. ದಾಲ್ಚಿನ್ನಿ ಚಕ್ಕೆ, ಟೀ ಪೊಟ್ಟಣ ತನ್ನಿ, ಧಾರಾಳ. ಚಕ್ಕೆ ಕೊಳ್ಳುವಾಗ ಕಾಗದದಷ್ಟು ತೆಳ್ಳಗೆ ಪದರ ಪದರವಾಗಿ ಸುತ್ತಿಕೊಂಡಿದೆಯಾ ನೋಡಿ, ಅದೇ ಅಸಲಿ. ಹವಳ, ಆಮೆ ಚಿಪ್ಪು ಯಾರು ಕೊಟ್ಟರೂ ಬೇಡ. ರತ್ನದ ಅಂಗಡಿಗೆ ಡ್ರೈವರ್ ಕರೆದುಕೊಂಡು ಹೋಗುತ್ತೇನೆ ಅಂದರೆ ನಯವಾಗಿ ಬೇಡ ಅನ್ನಿ, ಅವನಿಗೆ ಕಮಿಷನ್ ಇರುತ್ತದೆ.

ಅಮ್ಮತ್ತಿ ರೋಬಸ್ಟಾ:
ಎಲ್ಲರಿಗೂ ದೊಡ್ಡ ನಮಸ್ಕಾರ. ನೆಗೊಂಬೊ, ಸಿಗಿರಿಯ, ಟ್ರಿಂಕೋಮಲಿ, ಕ್ಯಾಂಡಿ, ಇಷ್ಟೇ ಅಂತ ತೀರ್ಮಾನ ಆಯಿತು, ಏಜೆಂಟ್‌ಗೆ ಫೋನ್ ಮಾಡಿ ಬೇಡ ಅಂದೆ. ಒಂದೇ ಪ್ರಶ್ನೆ ಉಳಿದಿದೆ. ಕಣ್ಣೂರು ಏರ್‌ಪೋರ್ಟ್ ನಮಗೆ ಹತ್ತಿರ, ಅಲ್ಲಿಂದ ಆಗುತ್ತಾ?

ಸಂಪಾಜೆ ಘಾಟಿ:
ಅಲ್ಲಿಂದ ಕೊಲಂಬೋಗೆ ನೇರ ವಿಮಾನ ಇಲ್ಲ ಅಕ್ಕ, ಮತ್ತೆ ಜುಲೈಯಲ್ಲಿ ಕಣ್ಣೂರಿಗೆ ಇಳಿಯುವ ಮಾಕುಟ್ಟ ರಸ್ತೆಯನ್ನು ನಂಬಿ ವಿಮಾನ ಹಿಡಿಯುವುದು ಬೇಡ, ಒಂದು ಮರ ಬಿದ್ದರೆ ಮುಗೀತು. ಬೆಂಗಳೂರಿಂದ ನೇರ ಇದೆ, ಒಂದೂವರೆ ಗಂಟೆ ಅಷ್ಟೇ. ಹಿಂದಿನ ದಿನವೇ ಮೈಸೂರಿಗೆ ಇಳಿದು ಯಾರಾದರೂ ನೆಂಟರ ಮನೆಯಲ್ಲಿ ಮಲಗಿ, ಅಲ್ಲಿಂದ ಏರ್‌ಪೋರ್ಟಿಗೆ ಫ್ಲೈಬಸ್ ಇದೆ, ಸೀಟು ಮೊದಲೇ ಕಾದಿರಿಸಿ.